ಪರದೆಯ ಮೇಲೊಂದು ಮೇಜು

ಕಂಪ್ಯೂಟರ್ ಬಲ್ಲ ನಾಲ್ಕು ಮಂದಿ ಒಂದೆಡೆ ಕಲೆತರೆ ಒಂದು ವಾಗ್ವಾದ ಕಟ್ಟಿಟ್ಟ ಬುತ್ತಿ. ದಿನಬಳಕೆಗೆ ವಿಂಡೋಸ್ ಮೇಲೋ, ಮ್ಯಾಕ್ ಮೇಲೋ, ಲಿನಕ್ಸ್ ಮೇಲೋ? ವೇಗ, ಬೆಲೆ, ಭದ್ರತೆ, ಅಂದಚಂದ ಎಲ್ಲವೂ ಈ ವಾದದಲ್ಲಿ ಬಂದುಹೋಗುತ್ತವೆ. ಆದರೆ ಮೂರೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಕಂಪ್ಯೂಟರಿನ ಗಂಧಗಾಳಿಯೇ ಇಲ್ಲದವರೊಬ್ಬರನ್ನು ಕರೆದು ತೋರಿಸಿದರೆ ಅವರಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಬಗೆಯ ಮೂರು ಪರದೆಗಳು. ಹಿಂದೊಂದು ಚಿತ್ರ, ಅದರ ಮೇಲೆ ಪುಟ್ಟ ಪುಟ್ಟ ಚಿಹ್ನೆಗಳು, ಒಂದರ ಮೇಲೊಂದು ಬಿದ್ದಿರುವ ಕಿಟಕಿಗಳು, ಮೌಸ್ ಎಳೆದತ್ತ ಓಡುವ ಬಾಣ, ಎಲ್ಲೋ ಮೂಲೆಯಲ್ಲೊಂದು ಕಸದ ಬುಟ್ಟಿ.

ಈ ಹೋಲಿಕೆ ಆಕಸ್ಮಿಕವಲ್ಲ. ಮೂರೂ ಒಂದೇ ಬೇರಿನಿಂದ ಚಿಗುರಿದವು. ಅವುಗಳಲ್ಲಿ ಒಂದು ಗೆದ್ದು ಉಳಿದವು ಹಿಂದುಳಿದದ್ದು ಮಾತ್ರ ಪರದೆಯ ಗುಣಾವಗುಣಗಳನ್ನು ತೂಗಿ ನೋಡಿದ ಬಳಕೆದಾರರಿಂದಲ್ಲ. ಆ ತೂಗುವಿಕೆ ಇತಿಹಾಸದಲ್ಲಿ ನಡೆದದ್ದೇ ಅಪರೂಪ.

ಮೊದಲಿಗೆ ಒಂದು ಗೊಂದಲ ನಿವಾರಣೆ ಆಗಬೇಕು. ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣ ವ್ಯವಸ್ಥೆ ಎಂಬುದು ಹೋಟೆಲಿನ ಅಡುಗೆಮನೆ ಇದ್ದಂತೆ. ಯಾವ ಕೆಲಸಕ್ಕೆ ಎಷ್ಟು ಸ್ಮೃತಿ ಕೊಡಬೇಕು, ಡಿಸ್ಕಿನಲ್ಲಿ ಯಾವುದು ಎಲ್ಲಿರಬೇಕು, ಪ್ರಿಂಟರಿನ ಸರದಿ ಯಾರದು ಎಂಬ ವ್ಯವಹಾರವೆಲ್ಲ ಅಲ್ಲಿ ನಡೆಯುತ್ತದೆ. ಗಿರಾಕಿಗೆ ಕಾಣುವುದು ಮುಂದಿನ ಹಜಾರ, ಮೇಜು ಕುರ್ಚಿ, ತಿಂಡಿಪಟ್ಟಿ. ಪರದೆಯ ಮೇಲೆ ಚಿತ್ರರೂಪದಲ್ಲಿ ಕಾಣುವ ಏರ್ಪಾಡೇ ಈ ಹಜಾರ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಅಡುಗೆಮನೆ, ಹಜಾರ ಎರಡಕ್ಕೂ ಒಬ್ಬನೇ ಮಾಲೀಕ. ಲಿನಕ್ಸ್‌ನಲ್ಲಿ ಅಡುಗೆಮನೆ ಒಂದೇ ಆದರೂ ಹಜಾರಗಳು ಹಲವು. ಗಿರಾಕಿ ತನಗೆ ಒಪ್ಪಿದಲ್ಲಿ ಕೂರಬಹುದು. (ಪರದೆಯ ಮೇಲಿನ ಪಟ್ಟಿಗೆ ಮೆನು ಎಂಬ ಹೆಸರು ಬಂದದ್ದೂ ಹೋಟೆಲಿನಿಂದಲೇ.)

ಜೆರಾಕ್ಸ್ ಅಂಗಳದಲ್ಲಿ

1960ರ ದಶಕದವರೆಗೆ ಕಂಪ್ಯೂಟರಿನೊಡನೆ ವ್ಯವಹರಿಸುವುದೆಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಉಣಿಸಿ ಉತ್ತರಕ್ಕಾಗಿ ಕಾಯುವುದು, ಇಲ್ಲವೇ ಬಾಯಿಪಾಠ ಮಾಡಿದ ಆಜ್ಞೆಗಳನ್ನು ಟೈಪು ಮಾಡುವುದು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದ ಕಂಪ್ಯೂಟರ್ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಸಂಶೋಧಕ ಒಂದೂವರೆ ಗಂಟೆಯ ಪ್ರಾತ್ಯಕ್ಷಿಕೆ ನೀಡಿದರು. ಅವರ ಬಲಗೈಯಲ್ಲಿ ಒಂದು ಪುಟ್ಟ ಪೆಟ್ಟಿಗೆಯಿತ್ತು. ಅದನ್ನು ಸರಿಸಿದಂತೆಲ್ಲ ಪರದೆಯ ಮೇಲೆ ಒಂದು ಗುರುತು ಸರಿಯುತ್ತಿತ್ತು. ಸಹೋದ್ಯೋಗಿ ಬಿಲ್ ಇಂಗ್ಲಿಷ್ ಮೊದಲು ಮರದಲ್ಲಿ ಮಾಡಿಕೊಟ್ಟಿದ್ದ ಈ ಉಪಕರಣಕ್ಕೆ ಬಾಲದಂತೆ ತಂತಿ ಇದ್ದುದರಿಂದ ಇಲಿ ಎಂಬ ಹೆಸರು ಅಂಟಿಕೊಂಡಿತು. ಎಂಗಲ್‌ಬಾರ್ಟರಿಗೆ ಇದರಿಂದ ಬಂದ ಹಣ ನಗಣ್ಯ.

ಇಲಿಯನ್ನು ಮೇಜಿನ ಮೇಲೆ ಹತ್ತಿಸಿದ್ದು ಜೆರಾಕ್ಸ್ ಕಂಪನಿ. ನಕಲು ಯಂತ್ರಗಳಿಂದ ಕೊಳೆಯುವಷ್ಟು ಹಣ ಗಳಿಸಿದ್ದ ಈ ಕಂಪನಿಗೆ ಮುಂದೊಂದು ದಿನ ಕಚೇರಿಗಳಲ್ಲಿ ಕಾಗದವೇ ಇಲ್ಲವಾದರೆ ಗತಿಯೇನು ಎಂಬ ಚಿಂತೆ ಹತ್ತಿತ್ತು. ಅದಕ್ಕಾಗಿ 1970ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. 1973ರಲ್ಲಿ ಅಲ್ಲಿ ಸಿದ್ಧವಾದ ಯಂತ್ರದ ಹೆಸರು ಆಲ್ಟೋ. ಅದರ ಪರದೆ ಟಿವಿಯಂತೆ ಅಡ್ಡವಾಗಿರಲಿಲ್ಲ. ಕಾಗದದ ಹಾಳೆಯಂತೆ ಉದ್ದವಾಗಿ ನಿಂತಿತ್ತು. ಹಸಿರು ಅಕ್ಷರ ಮೂಡುವ ಕಪ್ಪು ಪರದೆಗಳ ಕಾಲದಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರ. ಅದಕ್ಕಿಂತ ಮುಖ್ಯವಾಗಿ, ಪರದೆಯ ಒಂದೊಂದು ಚುಕ್ಕಿಯನ್ನೂ ಯಂತ್ರ ಬೇಕೆಂದಾಗ ಬೆಳಗಿಸಬಹುದು, ಆರಿಸಬಹುದು. ಅಂದಮೇಲೆ ಅಲ್ಲಿ ಮೂಡುವುದು ಅಕ್ಷರವೇ ಆಗಬೇಕೆಂದಿಲ್ಲ, ಯಾವ ಆಕಾರವಾದರೂ ಆದೀತು. ಇಂದಿನ ಪರದೆಗಳ ಗುಟ್ಟೆಲ್ಲ ಇಷ್ಟೇ. ಕನ್ನಡದ ಮಟ್ಟಿಗೆ ಈ ಗುಟ್ಟಿಗೆ ಬೇರೆಯೇ ಒಂದು ಬೆಲೆಯಿದೆ, ಆ ಮಾತು ಮುಂದೆ.

ಆ ಕೇಂದ್ರದಲ್ಲಿದ್ದ ಅಲನ್ ಕೇ ಮತ್ತು ಸಂಗಡಿಗರು ಒಂದರ ಮೇಲೊಂದು ಕೂರುವ ಕಿಟಕಿಗಳನ್ನು ರೂಪಿಸಿದರು. ಲ್ಯಾರಿ ಟೆಸ್ಲರ್ ಎಂಬ ಇನ್ನೊಬ್ಬರ ತಲೆ ತಿನ್ನುತ್ತಿದ್ದ ಪ್ರಶ್ನೆ ಬೇರೆ. ಅಲ್ಲಿನ ಬ್ರಾವೋ ಎಂಬ ಬರವಣಿಗೆ ತಂತ್ರಾಂಶದಲ್ಲಿ ಒಂದೇ ಕೀಲಿಗೆ ಎರಡು ಅರ್ಥವಿತ್ತು. ಬರೆಯುವ ಸ್ಥಿತಿಯಲ್ಲಿದ್ದರೆ ಅದು ಅಕ್ಷರ. ಆಜ್ಞೆಯ ಸ್ಥಿತಿಯಲ್ಲಿದ್ದರೆ ಅಪ್ಪಣೆ. ತಾನು ಯಾವ ಸ್ಥಿತಿಯಲ್ಲಿದ್ದೇನೆಂಬುದನ್ನು ಮರೆತು ಯಾರಾದರೂ ಎಡಿಟ್ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರ ಒತ್ತಿದರೆ ಗ್ರಹಚಾರ. ಇ ಎಂದರೆ ಎಲ್ಲವನ್ನೂ ಹಿಡಿ, ಡಿ ಎಂದರೆ ಅಳಿಸು, ಐ ಎಂದರೆ ಸೇರಿಸು. ಪುಟಗಟ್ಟಲೆ ಬರಹ ಹೋಗಿ ಅದರ ಜಾಗದಲ್ಲಿ ಒಂಟಿ ಟಿ ಅಕ್ಷರ ನಿಂತಿರುತ್ತಿತ್ತು. ಇಂಥ ಸ್ಥಿತಿಭೇದಗಳೇ ಇರಕೂಡದೆಂದು ಪಟ್ಟುಹಿಡಿದ ಟೆಸ್ಲರ್ ತಮ್ಮ ಕಾರಿನ ನಂಬರ್ ಫಲಕದಲ್ಲೂ ಅದನ್ನೇ ಬರೆಸಿಕೊಂಡಿದ್ದರು. ಕತ್ತರಿಸು, ನಕಲಿಸು, ಅಂಟಿಸು ಎಂದು ಇಂದು ಎಳೆಯ ಮಕ್ಕಳೂ ಮಾಡುವ ಕೆಲಸ ರೂಪುಗೊಂಡದ್ದು ಅವರ ಗುಂಪಿನಲ್ಲಿ.

1981ರಲ್ಲಿ ಜೆರಾಕ್ಸ್ ಸ್ಟಾರ್ ಮಾರುಕಟ್ಟೆಗೆ ಬಂತು. ಪರದೆಯನ್ನು ಕಚೇರಿಯ ಮೇಜೆಂದು ಭಾವಿಸಿ ಅದರ ಮೇಲೆ ಹಾಳೆ, ಫೋಲ್ಡರು, ಟಪಾಲಿನ ತಟ್ಟೆ, ಕಪಾಟುಗಳ ಚಿತ್ರ ಇಟ್ಟ ಮೊದಲ ಮಾರಾಟದ ಯಂತ್ರ ಇದು. ಬೆಲೆ ಒಂದಕ್ಕೆ 16 ಸಾವಿರ ಡಾಲರಿಗೂ ಹೆಚ್ಚು. ಒಂದನ್ನೇ ಕೊಂಡರೆ ಉಪಯೋಗವಿಲ್ಲ. ಜೊತೆಗೆ ಪ್ರಿಂಟರು, ಕಡತ ಕಾಯುವ ಇನ್ನೊಂದು ಯಂತ್ರ ಎಲ್ಲ ಬೇಕು. ಸಾಲದ್ದಕ್ಕೆ ನಿಧಾನ. ಸ್ಟಾರ್ ಸೋತಿತು.

ಅಷ್ಟರಲ್ಲಿ ಗುಟ್ಟು ಹೊರಬಿದ್ದಿತ್ತು. 1979ರ ಕೊನೆಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಪಾಲೋ ಆಲ್ಟೋದ ಪ್ರಯೋಗಶಾಲೆಗೆ ಭೇಟಿ ಕೊಟ್ಟಿದ್ದರು. ಇದನ್ನು ಕಳ್ಳತನವೆಂದು ಬಣ್ಣಿಸುವ ವಾಡಿಕೆ ಇದೆಯಾದರೂ ಅದು ಪೂರ್ತಿ ಸರಿಯಲ್ಲ. ಆಪಲ್ ಷೇರುಗಳು ಸಾರ್ವಜನಿಕ ಮಾರಾಟಕ್ಕೆ ಬರುವ ಮೊದಲೇ ಒಂದು ಲಕ್ಷ ಷೇರು ಕೊಳ್ಳುವ ಅವಕಾಶವನ್ನು ಜೆರಾಕ್ಸ್ ಪಡೆದಿತ್ತು. ಅದರ ಪ್ರತಿಯಾಗಿಯೇ ಬಾಗಿಲು ತೆರೆದದ್ದು.

ನಗುವ ಪೆಟ್ಟಿಗೆ, ನ್ಯಾಯಾಲಯದ ಕಟ್ಟೆ

ಆಪಲ್ ಮೊದಲು ತಂದ ಲೀಸಾ 1983ರಲ್ಲಿ ಹತ್ತು ಸಾವಿರ ಡಾಲರಿಗೆ ಐದೇ ಡಾಲರ್ ಕಡಿಮೆ ಬೆಲೆಗೆ ಬಂದು ಮುಗ್ಗರಿಸಿತು. 1984ರ ಜನವರಿ 24ರಂದು ಬಂದ ಮ್ಯಾಕಿಂಟಾಶ್‌ಗೆ 2,495 ಡಾಲರ್. ಸ್ಮೃತಿ 128 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಫೋಟೋ ಅಷ್ಟರಲ್ಲಿ ಹಿಡಿಸದು. ಅಷ್ಟು ಇಕ್ಕಟ್ಟಿನಲ್ಲಿ ಕಿಟಕಿಗಳನ್ನು ಸರಸರನೆ ಬಿಡಿಸುವ ತಂತ್ರ ಬಿಲ್ ಅಟ್ಕಿನ್ಸನ್ ಅವರದು. ಸೂಸನ್ ಕೇರ್ ಎಂಬ ಕಲಾವಿದೆ ಚೌಕಳಿ ಕಾಗದದ ಮೇಲೆ ಮನೆ ತುಂಬಿಸುತ್ತ ಚಿಹ್ನೆಗಳನ್ನು ಬಿಡಿಸಿದರು. ಯಂತ್ರ ಸರಿಯಾಗಿ ಎಚ್ಚೆತ್ತರೆ ನಗುಮುಖದ ಪುಟ್ಟ ಕಂಪ್ಯೂಟರ್, ಕೆಟ್ಟು ಕೂತರೆ ಬತ್ತಿ ಹತ್ತಿದ ಬಾಂಬು. ಬಾಂಬ್ ಕಂಡು ಯಂತ್ರ ಸಿಡಿಯಬಹುದೆಂದು ಹೆದರಿದವರೂ ಇದ್ದರಂತೆ.

ಮೇಜಿನ ಹೋಲಿಕೆ ಎಲ್ಲ ಕಡೆ ಸಲೀಸಾಗಿ ನಡೆಯಲಿಲ್ಲ. ಮ್ಯಾಕ್‌ನಲ್ಲಿ ಫ್ಲಾಪಿಯನ್ನು ಹೊರತೆಗೆಯಲು ಅದರ ಚಿತ್ರವನ್ನು ಕಸದ ಬುಟ್ಟಿಗೆ ಎಳೆದು ಹಾಕುವ ರೂಢಿ ಬಂತು. ಬೇಡದ್ದನ್ನು ಎಸೆಯುವ ಬುಟ್ಟಿಗೆ ಬೇಕಾದ್ದನ್ನೇ ಹಾಕುವಾಗ ಹೊಸಬರ ಎದೆ ಡವಡವ ಎನ್ನುತ್ತಿತ್ತು. ಮೇಜಿನ ಮೇಲಿದ್ದ ಸಾಮಾನೆಲ್ಲ ಅಮೆರಿಕದ ಕಚೇರಿಯದು. ಸಮುದ್ರದಾಚೆಯ ಬ್ರಿಟನ್ನಿಗೆ ಹೋಗುವಷ್ಟರಲ್ಲೇ ಬುಟ್ಟಿಯ ಹೆಸರು ಬದಲಾಯಿಸಬೇಕಾಯಿತು.

ಮೈಕ್ರೋಸಾಫ್ಟ್ ಆಗ ಮ್ಯಾಕ್‌ಗೆ ತಂತ್ರಾಂಶ ಬರೆದುಕೊಡುತ್ತಿದ್ದ ಕಂಪನಿ. ಅದು 1983ರ ನವೆಂಬರಿನಲ್ಲಿ ಘೋಷಿಸಿದ ವಿಂಡೋಸ್ ಜನರ ಕೈಸೇರಿದ್ದು ಎರಡು ವರ್ಷ ಕಳೆದು, 1985ರ ನವೆಂಬರ್ 20ರಂದು. ಅದರಲ್ಲಿ ಕಿಟಕಿಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲ, ನೆಲಕ್ಕೆ ಹಾಸಿದ ಕಲ್ಲಿನಂತೆ ಅಕ್ಕಪಕ್ಕ ಮಾತ್ರ. ಆಪಲ್‌ನ ಎಂಜಿನಿಯರ್ ಆಂಡಿ ಹರ್ಟ್ಸ್‌ಫೆಲ್ಡ್ ನೆನಪಿಸಿಕೊಂಡಿರುವ ಪ್ರಕಾರ, ನಮ್ಮದನ್ನು ಕದ್ದಿರಿ ಎಂದು ಜಾಬ್ಸ್ ರೇಗಾಡಿದಾಗ ಬಿಲ್ ಗೇಟ್ಸ್ ತಣ್ಣಗೆ ಒಂದು ಮಾತು ಹೇಳಿದರು: ಇಬ್ಬರಿಗೂ ಜೆರಾಕ್ಸ್ ಎಂಬ ಸಿರಿವಂತ ನೆರೆಯವನಿದ್ದ, ಅವನ ಮನೆಯ ಟಿವಿ ಕದಿಯಲು ಹೋಗಿ ನೋಡಿದರೆ ಅದನ್ನು ನೀವು ಆಗಲೇ ಎತ್ತಿಕೊಂಡು ಹೋಗಿದ್ದಿರಿ.

ಮಾತು ನ್ಯಾಯಾಲಯ ಮುಟ್ಟಿತು. 1988ರ ಮಾರ್ಚಿನಲ್ಲಿ ಆಪಲ್ ಹೂಡಿದ ದಾವೆಯಲ್ಲಿ ಪರದೆಯ 189 ಅಂಶಗಳ ಪಟ್ಟಿಯಿತ್ತು. ಅವುಗಳಲ್ಲಿ 179ನ್ನು 1985ರ ಒಪ್ಪಂದವೊಂದರಲ್ಲಿ ಆಪಲ್ ತಾನೇ ಮೈಕ್ರೋಸಾಫ್ಟಿಗೆ ಬಿಟ್ಟುಕೊಟ್ಟಿತ್ತೆಂದು ನ್ಯಾಯಾಧೀಶರು ಕಂಡುಕೊಂಡರು. ಉಳಿದ ಹತ್ತರಲ್ಲಿ ಹೆಚ್ಚಿನವು ಯಾರ ಸ್ವತ್ತೂ ಆಗಲಾರದ ವಿಚಾರಗಳು. ದಾವೆ ನಡೆಯುತ್ತಿರುವಾಗಲೇ 1989ರ ಡಿಸೆಂಬರಿನಲ್ಲಿ ಜೆರಾಕ್ಸ್ ನಿದ್ದೆಯಿಂದೆದ್ದು ಆಪಲ್ ಮೇಲೆ ಮೊಕದ್ದಮೆ ಹಾಕಿತು, ಅದೂ ನಿಲ್ಲಲಿಲ್ಲ. 1994ರಲ್ಲಿ ಮೇಲ್ಮನವಿಯಲ್ಲೂ ಆಪಲ್ ಸೋತಿತು. ಈ ಸೋಲಿನಿಂದ ಲಾಭ ಆದದ್ದು ಮೈಕ್ರೋಸಾಫ್ಟಿಗೆ ಮಾತ್ರವಲ್ಲ. ಪರದೆಯ ಮೇಲೆ ಕಿಟಕಿ, ಚಿಹ್ನೆ, ಬುಟ್ಟಿ ಇಡುವುದು ಒಬ್ಬರ ಆಸ್ತಿಯೆಂದು ಅಂದು ತೀರ್ಪಾಗಿದ್ದರೆ ಮುಂದೆ ಕಾಲೇಜು ಹುಡುಗರು ಉಚಿತವಾಗಿ ಹಂಚಲು ಕಟ್ಟಿದ ಪರದೆಗಳು ಹುಟ್ಟುತ್ತಲೇ ಇರಲಿಲ್ಲ.

ಎಡಗಡೆಯ ಗುಂಡಿ

1990ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 3.0 ಮಾರುಕಟ್ಟೆ ಹಿಡಿಯಿತು. ಆದರೂ ಬಳಸುವವರ ಪರದಾಟ ತಪ್ಪಿರಲಿಲ್ಲ. ಮುಂದಿನ ಆವೃತ್ತಿಗಾಗಿ ಮೈಕ್ರೋಸಾಫ್ಟ್ ಹೊಸಬರನ್ನು ಕರೆತಂದು ಯಂತ್ರದ ಮುಂದೆ ಕೂರಿಸಿ ಗಮನಿಸಿತು. ಎರಡು ಸಲ ಬೇಗನೆ ಒತ್ತುವುದು ಹಲವರಿಗೆ ಬಾರದು. ಒಂದು ಕಿಟಕಿಯ ಹಿಂದೆ ಇನ್ನೊಂದು ಮರೆಯಾದರೆ ಅದು ಕಳೆದೇಹೋಯಿತೆಂದು ತಿಳಿದು ಮತ್ತೆ ಹೊಸದನ್ನು ತೆರೆಯುವರು. ಎಲ್ಲಿಂದ ಶುರುಮಾಡಬೇಕೆಂಬುದೇ ತಿಳಿಯದೆ ಸುಮ್ಮನೆ ಕೂತವರೂ ಇದ್ದರು. ಇದರ ಫಲವೇ ಪರದೆಯ ತಳದ ಪಟ್ಟಿ ಮತ್ತು ಅದರ ಎಡತುದಿಯ ಸ್ಟಾರ್ಟ್ ಗುಂಡಿ. ತೆರೆದ ಕಿಟಕಿಗಳೆಲ್ಲ ಪಟ್ಟಿಯ ಮೇಲೆ ಹೆಸರು ಹೊತ್ತು ನಿಂತವು; ಎಲ್ಲಿಂದ ಶುರು ಎಂಬ ಪ್ರಶ್ನೆಗೆ ಗುಂಡಿಯೇ ಉತ್ತರ ಹೇಳಿತು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ನಡುರಾತ್ರಿ ಅಂಗಡಿಗಳ ಮುಂದೆ ಸಾಲು ನಿಂತವರಿದ್ದರು. ಸಿನಿಮಾ ಟಿಕೆಟ್ಟಿಗೆ ನಿಂತಂತೆ ತಂತ್ರಾಂಶಕ್ಕೂ ಸಾಲು ನಿಲ್ಲುವ ಕಾಲ ಬಂದಿತ್ತು.

ವಿಂಡೋಸ್‌ನ ಗೆಲುವಿಗೆ ಈ ಜಾಣ ವಿನ್ಯಾಸ ಒಂದು ಕಾರಣ. ಇನ್ನೊಂದು ಕಾರಣ ಅಂಗಡಿಯ ಹಿಂಬಾಗಿಲಿನಲ್ಲಿತ್ತು. ಕಂಪ್ಯೂಟರ್ ತಯಾರಕರಲ್ಲಿ ಹಲವರು ಮೈಕ್ರೋಸಾಫ್ಟಿನೊಡನೆ ಮಾಡಿಕೊಂಡಿದ್ದ ಕರಾರಿನ ಪ್ರಕಾರ, ತಯಾರಿಸಿದ ಪ್ರತಿ ಯಂತ್ರಕ್ಕೂ ಶುಲ್ಕ ಕಟ್ಟಬೇಕಿತ್ತು; ಯಂತ್ರದೊಳಗೆ ಬೇರೆಯವರ ತಂತ್ರಾಂಶ ಹಾಕಿದರೂ ಕಟ್ಟಬೇಕಿತ್ತು. ಹೇಗೂ ದುಡ್ಡು ಕೊಟ್ಟಾಗಿದೆ, ಎರಡನೆಯದಕ್ಕೆ ಮತ್ತೆ ಯಾಕೆ ಕೊಡಬೇಕು? ಅಮೆರಿಕದ ನ್ಯಾಯಾಂಗ ಇಲಾಖೆ 1994ರ ಜುಲೈನಲ್ಲಿ ಈ ಪದ್ಧತಿ ಕೈಬಿಡಿಸಿತಾದರೂ ಅಷ್ಟರಲ್ಲಿ ನೆಲ ಹದವಾಗಿತ್ತು. ಐಬಿಎಂ ಕಂಪನಿಯ ಓಎಸ್-2, ಬಲ್ಲವರಿಂದ ಭೇಷ್ ಎನಿಸಿಕೊಂಡೇ ಮೂಲೆ ಸೇರಿತು. 1999ರಲ್ಲಿ ಇನ್ನೊಂದು ಮೊಕದ್ದಮೆಯ ಸಂದರ್ಭದಲ್ಲಿ ಅಮೆರಿಕದ ನ್ಯಾಯಾಲಯ ಈ ಒಗಟನ್ನು ಬಿಡಿಸಿ ಹೇಳಿತು. ಜನ ಹೆಚ್ಚಿರುವ ವ್ಯವಸ್ಥೆಗೇ ತಂತ್ರಾಂಶ ಬರೆಯುವವರು ಬರೆಯುತ್ತಾರೆ. ತಂತ್ರಾಂಶ ಹೆಚ್ಚಿರುವ ವ್ಯವಸ್ಥೆಯನ್ನೇ ಜನ ಕೊಳ್ಳುತ್ತಾರೆ. ಈ ಚಕ್ರದೊಳಗೆ ಹೊಸಬ ಕಾಲಿಡುವುದು ದುಸ್ತರ.

ಹೀಗಾಗಿ ವಿಂಡೋಸ್ ಮೇಲೆ ಕೂತ ಕೋಟ್ಯಂತರ ಮಂದಿ ಅದನ್ನು ಆರಿಸಿಕೊಂಡವರಲ್ಲ. ಯಂತ್ರ ಕೊಂಡರು, ಅದರಲ್ಲಿ ವಿಂಡೋಸ್ ಇತ್ತು. ಆಪಲ್ ಯಂತ್ರ ಕೊಂಡವರ ಪಾಡೂ ಅಷ್ಟೇ. 1996ರ ಕೊನೆಯಲ್ಲಿ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ಆಪಲ್ ಕೊಳ್ಳುವ ಒಪ್ಪಂದವಾಗಿ, ಅದರ ಯೂನಿಕ್ಸ್ ತಳಹದಿಯ ಮೇಲೆ 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗ ಹಳೆಯ ಅಡುಗೆಮನೆ ಇಡಿಯಾಗಿ ಹೋಯಿತು, ಬಳಕೆದಾರರನ್ನು ಯಾರೂ ಕೇಳಲಿಲ್ಲ.

ಒಂದು ಅಡುಗೆಮನೆ, ಎರಡು ಹಜಾರ

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಉಚಿತವಾಗಿ ಹಂಚಿಕೆಯಾಗುತ್ತ ಬೆಳೆಯಿತು. ಮೊದಮೊದಲು ಅದು ಎಂಜಿನಿಯರುಗಳ ಆಟದ ಮೈದಾನ. ಪರದೆಗೆ ಚಿತ್ರ ತರಲು ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ಎಂಬ ವ್ಯವಸ್ಥೆಯಿತ್ತು. ಕಿಟಕಿ ಬಿಡಿಸುವ ಸಾಧನ ಕೊಡುವುದಷ್ಟೇ ತನ್ನ ಕೆಲಸ, ಕಿಟಕಿ ಹೇಗಿರಬೇಕೆಂದು ಹೇಳುವುದಲ್ಲ ಎಂಬುದು ಅದರ ಧೋರಣೆ. ಪರಿಣಾಮವಾಗಿ ಒಂದೊಂದು ತಂತ್ರಾಂಶದ ಗುಂಡಿ ಒಂದೊಂದು ಆಕಾರ, ಒಂದೊಂದು ಕಡೆ. 1996ರ ಅಕ್ಟೋಬರ್ 14ರಂದು ಜರ್ಮನಿಯ ಟ್ಯೂಬಿಂಗನ್‌ನ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಈ ಅವ್ಯವಸ್ಥೆಯಿಂದ ಬೇಸತ್ತು, ಸಾಮಾನ್ಯರಿಗಾಗಿ ಒಂದೇ ಬಗೆಯ ಪರದೆ ಕಟ್ಟೋಣ ಬನ್ನಿ ಎಂದು ಸಾರ್ವಜನಿಕ ಕರೆ ಕೊಟ್ಟರು. ತನ್ನ ಗೆಳತಿಯೂ ಬಳಸುವಂತಿರಬೇಕು ಎಂಬ ಮಾತು ಅದರಲ್ಲಿತ್ತು. ಹೀಗೆ ಹುಟ್ಟಿದ್ದು ಕೆಡಿಇ. 1998ರ ಜುಲೈನಲ್ಲಿ ಅದರ ಮೊದಲ ಆವೃತ್ತಿ ಬಂತು.

ಅದಕ್ಕೆ ಬಳಸಿದ ಕ್ಯೂಟಿ ಎಂಬ ನಾರ್ವೆಯ ಸಾಮಗ್ರಿ ಆಗ ಪೂರ್ಣವಾಗಿ ಮುಕ್ತವಲ್ಲದ ಪರವಾನಗಿಯದು. ಅಡಿಪಾಯವೇ ಪರರದಾದರೆ ಮನೆ ಯಾರದು ಎಂಬ ತಕರಾರೆದ್ದು, 1997ರ ಆಗಸ್ಟಿನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೋ ಮೆನಾ ಗ್ನೋಮ್ ಎಂಬ ಇನ್ನೊಂದು ಹಜಾರಕ್ಕೆ ಗುದ್ದಲಿ ಹಾಕಿದರು. 2000ದಲ್ಲಿ ಕ್ಯೂಟಿ ಮುಕ್ತವಾಯಿತು. ತಕರಾರು ಮುಗಿದರೂ ಎರಡು ಮನೆಗಳು ಹಾಗೇ ಉಳಿದವು. ಕೆಡಿಇ ಬೇಕಾದ್ದನ್ನೆಲ್ಲ ಬದಲಿಸಿಕೊಳ್ಳಲು ಬಿಡುತ್ತದೆ. ಗ್ನೋಮ್ ಆಯ್ಕೆಗಳನ್ನು ಕಡಿಮೆ ಮಾಡಿ ಸರಳವಾಗಿರಲು ನೋಡುತ್ತದೆ. ಮೊದಲನೆಯದು ಪಾತ್ರೆ ಅಂಗಡಿ ಎಂದು ಎರಡನೆಯವರೂ, ಎರಡನೆಯದು ಬರಿಗೋಡೆ ಎಂದು ಮೊದಲನೆಯವರೂ ಮೂದಲಿಸುವುದು ಇಂದಿಗೂ ನಿಂತಿಲ್ಲ.

ಸಾಮಾನ್ಯರ ದಿನದ ಕೆಲಸಕ್ಕೆ ಇವು ಒದಗುತ್ತವೆಯೇ ಎಂಬ ನಿಜವಾದ ಪರೀಕ್ಷೆ ನಡೆದದ್ದು ಜರ್ಮನಿಯ ಮ್ಯೂನಿಕ್ ನಗರಸಭೆಯಲ್ಲಿ. ಅಲ್ಲಿನ ಸುಮಾರು 14 ಸಾವಿರ ಕಂಪ್ಯೂಟರುಗಳಲ್ಲಿದ್ದ ವಿಂಡೋಸ್ ಎನ್‌ಟಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸುವುದಿತ್ತು. 2003ರ ಮೇ ತಿಂಗಳಲ್ಲಿ ನಗರಸಭೆ ಲಿನಕ್ಸ್ ಕಡೆ ಹೊರಳಲು ನಿರ್ಧರಿಸಿತು. ಅದಕ್ಕೆ ಮುನ್ನ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ ರಜೆಯ ಮೋಜನ್ನು ಅರ್ಧಕ್ಕೆ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಾಣಲು ಬಂದಿದ್ದರು. ಒಂದು ಊರಿನ ಗುಮಾಸ್ತರ ಪರದೆಗಾಗಿ ಅಷ್ಟು ದೊಡ್ಡ ಕಂಪನಿಯ ಯಜಮಾನ ಓಡಿಬಂದನೆಂದರೆ ಪಣಕ್ಕಿದ್ದುದು ಗುಮಾಸ್ತರ ಪರದೆ ಮಾತ್ರವಲ್ಲ.

ಕೆಡಿಇ ಹಜಾರವಿದ್ದ ಲಿಮಕ್ಸ್ ಎಂಬ ಹೆಸರಿನ ಈ ಪಲ್ಲಟ 2013ರ ಕೊನೆಗೆ ಮುಗಿದಾಗ 15 ಸಾವಿರದಷ್ಟು ಯಂತ್ರಗಳು ಬದಲಾಗಿದ್ದವು. ಸಿಬ್ಬಂದಿಯ ದೂರುಗಳು ಇದ್ದವು. ಹೊರಗಿನ ಕಚೇರಿಗಳು ಕಳಿಸಿದ ಪತ್ರ ತೆರೆದರೆ ಸಾಲು ಅಂಕಣಗಳು ಚೆಲ್ಲಾಪಿಲ್ಲಿ. ಕೆಲವು ವಿಶೇಷ ತಂತ್ರಾಂಶಗಳು ವಿಂಡೋಸ್ ಬಿಟ್ಟರೆ ಎಲ್ಲೂ ಓಡವು. ಹೊಸ ಮೇಯರ್ ಬಂದಮೇಲೆ ನಡೆಸಿದ ಪರಿಶೀಲನೆಯಲ್ಲಿ, ತೊಂದರೆಯ ಮುಖ್ಯ ಮೂಲ ಲಿನಕ್ಸ್ ಅಲ್ಲ, ಬೇರೆ ಬೇರೆ ಇಲಾಖೆಗಳಲ್ಲಿ ಹರಿದು ಹಂಚಿಹೋಗಿರುವ ಕಂಪ್ಯೂಟರ್ ಆಡಳಿತ ಎಂಬ ಅಭಿಪ್ರಾಯ ಬಂತು. ಆದರೂ 2017ರ ನವೆಂಬರಿನಲ್ಲಿ ನಗರಸಭೆ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ವೆಚ್ಚದ ಅಂದಾಜು ಸುಮಾರು ಐದು ಕೋಟಿ ಯೂರೋ. ಮ್ಯೂನಿಕ್ ತೋರಿಸಿಕೊಟ್ಟದ್ದು ಇಷ್ಟು: ಗುಮಾಸ್ತನಿಗೆ ಕಲಿಯುವುದು ಕಷ್ಟವಾಗಲಿಲ್ಲ, ನೆರೆಹೊರೆಯವರೆಲ್ಲ ಇನ್ನೊಂದರಲ್ಲಿರುವಾಗ ಒಂಟಿಯಾಗಿರುವುದು ಕಷ್ಟವಾಯಿತು.

ಅಭ್ಯಾಸ ಎಷ್ಟು ಬಲವಾದದ್ದೆಂಬುದನ್ನು ಪರದೆ ಕಟ್ಟುವವರೂ ಪೆಟ್ಟು ತಿಂದೇ ಕಲಿತರು. ಬೆರಳಲ್ಲಿ ಮುಟ್ಟುವ ಫೋನುಗಳು ಬಂದಮೇಲೆ ಮೇಜಿನ ಹೋಲಿಕೆ ಹಳತಾಯಿತೆಂದು ಎಲ್ಲರಿಗೂ ಒಮ್ಮೆಲೇ ಅನ್ನಿಸಿತು. 2011ರ ಏಪ್ರಿಲಿನಲ್ಲಿ ಗ್ನೋಮ್ 3 ತಳದ ಪಟ್ಟಿಯನ್ನೂ ಕಿಟಕಿ ಕುಗ್ಗಿಸುವ ಗುಂಡಿಯನ್ನೂ ಕಿತ್ತುಹಾಕಿತು. ಸ್ವತಃ ಟೋರ್ವಾಲ್ಡ್ಸ್ ಬಹಿರಂಗವಾಗಿ ಗೊಣಗಿ ಎಕ್ಸ್‌ಎಫ್‌ಸಿಇ ಎಂಬ ಹಳೆಯ ಧಾಟಿಯ ಹಜಾರಕ್ಕೆ ಎದ್ದುಹೋದರು. ಅರ್ಜೆಂಟೀನದ ಬಳಕೆದಾರರೊಬ್ಬರು ಹಳೆಯ ಗ್ನೋಮ್ ಅನ್ನೇ ಎತ್ತಿಕೊಂಡು ತಮ್ಮ ಕಡೆಯ ಕಷಾಯವಾದ ಮಾಟೆಯ ಹೆಸರಿನಲ್ಲಿ ಮುಂದುವರಿಸಿದರು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ತೆಗೆದಾಗ ಎದ್ದ ಕೂಗಿಗೆ ಮೈಕ್ರೋಸಾಫ್ಟ್ ಒಂದೇ ವರ್ಷದಲ್ಲಿ ಗುಂಡಿ ಹಿಂತಿರುಗಿಸಿತು. ವ್ಯತ್ಯಾಸ ಗಮನಾರ್ಹ. ಲಿನಕ್ಸ್ ಬಳಕೆದಾರ ಸಿಟ್ಟು ಬಂದರೆ ಎದ್ದು ಪಕ್ಕದ ಹಜಾರಕ್ಕೆ ಹೋಗುತ್ತಾನೆ. ವಿಂಡೋಸ್ ಬಳಕೆದಾರ ಕೂತಲ್ಲೇ ಕೂಗಬೇಕು.

ಒತ್ತಕ್ಷರಕ್ಕೆ ಜಾಗವೆಲ್ಲಿ?

ಇಂಗ್ಲಿಷ್ ಓದುವವನಿಗೆ ಚಿತ್ರರೂಪದ ಪರದೆ ಒಂದು ಅನುಕೂಲ. ಕನ್ನಡಕ್ಕೆ ಅದು ಅನುಕೂಲವಲ್ಲ, ಅಗತ್ಯ. ಡಾಸ್ ಕಾಲದ ಪರದೆಯೆಂದರೆ 80 ಅಂಕಣ, 25 ಸಾಲುಗಳ ಚೌಕಳಿ. ಒಂದು ಮನೆಗೆ ಒಂದು ಅಕ್ಷರ, ಅದೂ 256 ಆಕಾರಗಳ ಒಂದು ಪಟ್ಟಿಯಿಂದ. ‘ರಾಷ್ಟ್ರ’ ಎಂಬ ಪದದ ಷಕಾರದ ಅಡಿಯಲ್ಲಿ ಟ ಒತ್ತು, ಅದರಾಚೆ ರ ಒತ್ತು ಬರುವುದೆಂದರೆ ಈ ಮನೆಗಳಿಗೆ ಏನೂ ತಿಳಿಯದು. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ರ್ ಬರಹದಲ್ಲಿ ಯಕಾರದ ನಂತರ ಅರ್ಕಾವತ್ತಾಗಿ ಕೂರುತ್ತದೆ. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಹೆಚ್ಚುವರಿಯಾಗಿ ಸಿಕ್ಕಿಸಿಯೇ ಆ ಪರದೆಯಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಬೇಕಾಗಿತ್ತು.

ವಿಂಡೋಸ್ ಬಂದು ಚುಕ್ಕಿ ಚುಕ್ಕಿಯೂ ಕೈಗೆ ಸಿಕ್ಕಾಗ ಕನ್ನಡದ ಅಚ್ಚುಗಳು ಸಾಲುಸಾಲಾಗಿ ಬಂದವು. ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಜೋಡಿಸುವ ಉಪಾಯ ಅದು. ಯಾವ ಚೂರು ಯಾವ ಜಾಗದಲ್ಲಿ ಎಂಬುದು ಅವರವರ ಚಿತ್ತ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆರೆದರೆ ಗಜಿಬಿಜಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ರಾಜ್ಯದ ಶಿಷ್ಟತೆಯಾದ ಮೇಲೆ ದಿನದ ಕೆಲಸಕ್ಕೆ ದಾರಿಯಾಯಿತು. ಆದರೆ ಇವು ವಿಂಡೋಸ್‌ಗಾಗಿ ಕಟ್ಟಿದ ತಂತ್ರಾಂಶಗಳು. ಕನ್ನಡ ಬೇಕಾದವನಿಗೆ ಆ ದಿನಗಳಲ್ಲಿ ಯಾವ ವ್ಯವಸ್ಥೆ ಮೇಲು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪರದೆಯಲ್ಲಿ ಒತ್ತು ಮೂಡದು. ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಚ್ಚಿನೊಂದಿಗೆ. ಬಂದರೂ ಅದು ಒಳಗೆ ಮಲಗಿತ್ತು. ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಸಂಕೀರ್ಣ ಲಿಪಿಗಳು ಬೇಕೆಂಬ ಚೌಕದಲ್ಲಿ ಗುರುತು ಹಾಕಿ, ಎಕ್ಸ್‌ಪಿಯ ಸಿಡಿ ತುರುಕಿ, ಯಂತ್ರವನ್ನು ಆರಿಸಿ ಹಚ್ಚಿದ ಮೇಲೆ ಅಕ್ಷರಗಳು ಸರಿಯಾಗುತ್ತಿದ್ದವು. ಸಿಡಿ ಇಲ್ಲದವರಿಗೆ ಕನ್ನಡದ ಪುಟವೆಂದರೆ ಖಾಲಿ ಡಬ್ಬಿಗಳ ಸಾಲು. ಅಂಥ ಡಬ್ಬಿಗಳನ್ನು ಕಂಡು ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ ಎಂದು ನಂಬಿದವರ ಸಂಖ್ಯೆ ಕಡಿಮೆಯೇನಲ್ಲ. ಅಕ್ಷರಗಳ ಚೆಲುವಿಗೆ ಹೆಸರಾಗಿ, ಕಲಾವಿದರ ಕಣ್ಮಣಿಯಾಗಿದ್ದ ಮ್ಯಾಕ್ ತನ್ನದೇ ಕನ್ನಡ ಅಚ್ಚುಗಳನ್ನು ಕೊಟ್ಟದ್ದು ಎಲ್ಲರಿಗಿಂತ ತಡವಾಗಿ, 2011ರ ಲಯನ್ ಆವೃತ್ತಿಯಲ್ಲಿ.

ಲಿನಕ್ಸ್‌ನಲ್ಲಿ ಗ್ನೋಮ್‌ಗೊಂದು, ಕೆಡಿಇಗೊಂದು ಪ್ರತ್ಯೇಕ ಅಕ್ಷರ ಜೋಡಣೆಯ ಎಂಜಿನ್ ಇದ್ದು ಒಂದರಲ್ಲಿ ಸರಿ ಕಂಡ ಒತ್ತು ಇನ್ನೊಂದರಲ್ಲಿ ದಾರಿ ತಪ್ಪುತ್ತಿತ್ತು. ಈಗ ಎರಡೂ ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ಎಂಜಿನ್ ಬಳಸುತ್ತವೆ. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳಲ್ಲೂ ಅದೇ. ಮೆನುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರ ಕೆಲಸ ಸದ್ದಿಲ್ಲದೆ ನಡೆದಿದೆ. ಅವರು ಫೈಲ್‌ಗೆ ಕಡತ ಎಂದರು, ಫೋಲ್ಡರಿಗೆ ಕಡತಕೋಶ ಎಂದರು. ನಮ್ಮ ಸರ್ಕಾರಿ ಕಚೇರಿಯಲ್ಲಿ ಕಡತವೆಂದರೆ ಹಾಳೆಗಳನ್ನು ಒಳಗಿಟ್ಟು ದಾರ ಕಟ್ಟಿದ ರಟ್ಟು. ಅಂದರೆ ಅಮೆರಿಕದವರ ಫೋಲ್ಡರೇ. ಇನ್ನೂ ಹಿಂದಕ್ಕೆ ಹೋದರೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಸಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದು, ಬೇಕಾದರೆ ಅಳಿಸಿ ಮತ್ತೆ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಅಳಿಸಿ ಬರೆಯುವ ಗುಣ ನೋಡಿದರೆ ಕಂಪ್ಯೂಟರಿಗೆ ಈ ಹಳೆಯ ಕಡತವೇ ಹೆಚ್ಚು ಹತ್ತಿರ. ಪಾಲೋ ಆಲ್ಟೋದಲ್ಲಿ ಕೂತವರಿಗೆ ಆ ಬಟ್ಟೆ ತಿಳಿದಿರಲಿಲ್ಲ, ಅಷ್ಟೇ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11, ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಹೊಸ ಆವೃತ್ತಿಯನ್ನೂ ಇತ್ತೀಚಿನ ಪ್ರೊಸೆಸರನ್ನೂ ಕೇಳುವುದರಿಂದ, ಕೆಟ್ಟಿಲ್ಲದ ಹಳೆಯ ಯಂತ್ರಗಳೂ ಅಧಿಕೃತವಾಗಿ ಹೊರಗುಳಿದಿವೆ. ತುಸು ಕಾಲ ಭದ್ರತಾ ತೇಪೆಗಳಿಗೆ ಹೆಸರು ನೋಂದಾಯಿಸಬಹುದು, ಹೊಸ ಯಂತ್ರ ಕೊಳ್ಳಬಹುದು, ಅಥವಾ ಲಿನಕ್ಸ್ ಹಾಕಿಕೊಳ್ಳಬಹುದು. ಮನೆಗಳ ಮಟ್ಟಿಗೆ, ಯಂತ್ರದೊಂದಿಗೆ ಬಂದದ್ದನ್ನು ಬಿಟ್ಟು ಕೂತು ತೂಗಿ ನೋಡುವ ಪ್ರಮೇಯ ಇಷ್ಟು ಮಂದಿಗೆ ಒಟ್ಟಿಗೆ ಬಂದದ್ದು ವಿರಳ. ಹಾಗೆ ತೂಗಿ ಲಿನಕ್ಸ್ ಮಿಂಟ್ ಹಾಕಿಕೊಂಡವರು ಮೊದಲ ಸಲ ಯಂತ್ರ ಹಚ್ಚಿದಾಗ ತಳದಲ್ಲೊಂದು ಪಟ್ಟಿ, ಅದರ ಎಡತುದಿಯಲ್ಲೊಂದು ಮೆನು ಗುಂಡಿ ಕಾಣುತ್ತದೆ. 1995ರಲ್ಲಿ ಮೈಕ್ರೋಸಾಫ್ಟ್ ಇಟ್ಟ ಜಾಗದಲ್ಲೇ ಇದೆ. ವಿಂಡೋಸ್ 11ರಲ್ಲಿ ಅದೇ ಗುಂಡಿಯನ್ನು ಮೈಕ್ರೋಸಾಫ್ಟ್ ನಡುವಿಗೆ ಸರಿಸಿದೆ.